ಬೀದಿ ದೀಪಕ್ಕೆ ಎಣ್ಣೆ ಹಾಕಿದವರು ಯಾರು?

ಮೊನ್ನೆ ನಮ್ಮೂರ ಹೈಸ್ಕೂಲಿನಲ್ಲಿ ಪ್ರತಿಭಾ ಪುರಸ್ಕಾರ ಇತ್ತು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ತೆಗೆದ ಮಕ್ಕಳ ಸಾಲಿನ ತುದಿಯಲ್ಲಿ ನನ್ನನ್ನೂ ಕೂರಿಸಿದ್ದರು. ಬೆಂಗಳೂರಿಗೆ ಹೋಗಿ ಪಿಎಚ್‌ಡಿ ಮಾಡ್ತಿರೋ ಊರಿನ ಮೊದಲ ಹುಡುಗ ಅಂತ. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಆಮೇಲೆ ಮುಖ್ಯ ಅತಿಥಿಗಳು ಮೈಕ್ ಹಿಡಿದು ಶುರು ಮಾಡಿದರು ನೋಡಿ, ಅದೇ ಕಥೆ. ಸರ್ ಎಂ. ವಿಶ್ವೇಶ್ವರಯ್ಯನವರು ಬೀದಿ ದೀಪದ ಕೆಳಗೆ ಕೂತು ಓದಿದ ಕಥೆ.

"ಈಗಿನ ಹುಡುಗರಿಗೆ ಏನ್ ಕಮ್ಮಿ ಐತ್ರಿ? ಮೊಬೈಲ್ ಐತಿ, ಕರೆಂಟ್ ಐತಿ, ಸರ್ಕಾರ ಮನೀಗೆ ಕರದು ರೊಕ್ಕಾ ಕೊಡ್ತೈತಿ. ಆದ್ರ ಕಷ್ಟ ಪಡೋ ಗುಣ ಒಂದು ಇಲ್ಲ ನೋಡ್ರಿ."

ಚಪ್ಪಾಳೆ ಬಿತ್ತು. ಶಾಲು ಹೊದ್ದುಕೊಂಡು ನಾನೂ ತಟ್ಟಿದೆ. ಆವತ್ತಿಗೆ ನನ್ನ ಫೆಲೋಶಿಪ್ ಬಾರದೆ ಏಳನೇ ತಿಂಗಳು ನಡೀತಿತ್ತು. ವಾಪಸ್ ಬೆಂಗಳೂರಿಗೆ ಹೋಗೋಕೆ ಬಸ್ ಚಾರ್ಜು ಕಾಕಾನ ಹತ್ರ ಇಸಕೊಂಡಿದ್ದೆ. ವೇದಿಕೆ ಮೇಲೆ ಹೇಳೋಕಾಗದ್ದನ್ನ ಇಲ್ಲಿ ಹೇಳ್ತೀನಿ. ಸ್ವಲ್ಪ ಖಾರ ಆಗಬಹುದು, ಬ್ಯಾಡಗಿ ಮೆಣಸಿನಕಾಯಿ ಸೀಮೆಯವನು, ಅಡ್ಜಸ್ಟ್ ಮಾಡ್ಕೊಳ್ಳಿ.

ಮೊದಲು ಲೆಕ್ಕ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಅದಕ್ಕೆ ಮೊದಲು 31,000 ಇತ್ತು. ಕೇಳೋಕೆ ಒಳ್ಳೆ ದುಡ್ಡೇ. ನಮ್ಮೂರಲ್ಲಿ ಈ ಅಂಕಿ ಹೇಳಿದರೆ "ಓದಾಕ ಇಷ್ಟು ಕೊಡ್ತಾರೇನೋ ತಮ್ಮಾ!" ಅಂತ ಹುಬ್ಬೇರಿಸ್ತಾರೆ. ನಾನೂ ಹಾಗೇ ಹುಬ್ಬೇರಿಸಿಕೊಂಡು ಬೆಂಗಳೂರಿಗೆ ಬಂದವನು. ಆದರೆ ಈ ದುಡ್ಡು ಸಂಬಳದ ಥರ ತಿಂಗಳ ಕೊನೆಗೆ ಬೀಳೋದಿಲ್ಲ. ನಾನು ಆ ತಿಂಗಳು ಸಂಶೋಧನೆ ಮಾಡಿದ್ದೇನೆ ಅಂತ ಗೈಡ್ ಸಹಿ ಹಾಕಬೇಕು, ವಿಭಾಗದ ಮುಖ್ಯಸ್ಥರು ಸಹಿ ಹಾಕಬೇಕು, ಕಡತ ಆಡಳಿತ ಕಚೇರಿಗೆ ಹೋಗಬೇಕು. ಅಲ್ಲಿ 'ಮೇಕರ್' ಅಂತ ಒಬ್ಬರು ಪೋರ್ಟಲ್‌ಗೆ ಏರಿಸಬೇಕು, 'ಚೆಕರ್' ಅಂತ ಇನ್ನೊಬ್ಬರು ಸರಿ ಅನ್ನಬೇಕು. ಪ್ರತಿ ತಿಂಗಳೂ. ನನ್ನ ಪಾಲಿಗೆ ಮೇಕರ್ ಹೆರಿಗೆ ರಜೆಗೆ ಹೋದರು. ಅವರ ಜಾಗಕ್ಕೆ ಇನ್ನೊಬ್ಬರು ಬರುವಷ್ಟರಲ್ಲಿ ಚೆಕರ್ ಬೇರೆ ವಿಭಾಗಕ್ಕೆ ವರ್ಗವಾದರು. ಹೊಸ ಚೆಕರ್‌ಗೆ ಪಾಸ್‌ವರ್ಡ್ ಬರೋಕೆ ಎರಡು ತಿಂಗಳು. ಪಾಸ್‌ವರ್ಡ್ ಬಂದ ವಾರ ನನ್ನ ಆಧಾರ್‌ನಲ್ಲಿ ಅಪ್ಪನ ಹೆಸರಿನ ಇನಿಶಿಯಲ್ ಹಿಂದೆ ಮುಂದೆ ಆಗಿದೆ ಅಂತ ಕಡತ ವಾಪಸ್.

ಏಳು ತಿಂಗಳು. 37 ಸಾವಿರದಂತೆ ಏಳು ತಿಂಗಳಿಗೆ 2 ಲಕ್ಷ 59 ಸಾವಿರ. ಗೋವಿನಜೋಳ ಬೆಳೆಯೋ ನಮ್ಮಪ್ಪನ ಎರಡೆಕರೆ ಹೊಲ ಅಷ್ಟು ದುಡ್ಡು ಒಟ್ಟಿಗೆ ಕಂಡಿಲ್ಲ. ಅಷ್ಟನ್ನ ನಮ್ಮ ಮನೆಯವರು ಸರ್ಕಾರಕ್ಕೆ ಕೈಗಡ ಕೊಟ್ಟಂಗಾಯ್ತಲ್ಲ, ಬಡ್ಡಿ ಇಲ್ಲದೆ! ಬಡ್ಡಿ ಇಲ್ಲದೆ ಅನ್ನೋದೂ ಸುಳ್ಳು. ಬಡ್ಡಿ ಇತ್ತು, ಅದನ್ನ ನಮ್ಮವ್ವ ಕಟ್ಟಿದಳು. ಮನೆ ಅಡ್ವಾನ್ಸ್‌ಗೆ ಅಂತ ತನ್ನ ಎರಡೆಳೆ ಸರ ರಾಣೆಬೆನ್ನೂರಲ್ಲಿ ಅಡ ಇಟ್ಟು 60 ಸಾವಿರ ತಂದುಕೊಟ್ಟಿದ್ದಳು. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ ಅಂದರೂ ಏಳು ತಿಂಗಳಿಗೆ 4,200. ಅದೇ ವರ್ಷ ನಾನು ವಿಶ್ವವಿದ್ಯಾಲಯಕ್ಕೆ ಕಟ್ಟಬೇಕಾದ ವಾರ್ಷಿಕ ಶುಲ್ಕ ಹನ್ನೊಂದು ದಿನ ತಡ ಆಯ್ತು. 500 ರೂಪಾಯಿ ದಂಡ ಹಾಕಿದರು, ರಸೀದಿ ಇನ್ನೂ ಇಟ್ಟುಕೊಂಡಿದ್ದೇನೆ. ಹುಡುಗ ಹನ್ನೊಂದು ದಿನ ತಡ ಮಾಡಿದರೆ ದಂಡ. ಕಚೇರಿ ಏಳು ತಿಂಗಳು ತಡ ಮಾಡಿದರೆ "ಪ್ರೊಸೆಸ್‌ನಲ್ಲಿದೆ ಕಣಪ್ಪ".

ಆ ಕಚೇರಿಯ ಕೇಸ್ ವರ್ಕರ್ ಮೇಡಂ ನನ್ನ ಶತ್ರು ಅಲ್ಲ, ಇದನ್ನ ಮೊದಲೇ ಹೇಳಿಬಿಡ್ತೀನಿ. ಆರನೇ ತಿಂಗಳು ನಾನು ಅವರ ಟೇಬಲ್ ಮುಂದೆ ದನಿ ಎತ್ತಿದೆ. ಅವರು ತಲೆ ಎತ್ತದೆ ಮೆಲ್ಲಗೆ ಹೇಳಿದರು: "ನಾನು ಔಟ್‌ಸೋರ್ಸಿಂಗ್ ಕಣಪ್ಪ. ನಂದೇ ಎರಡು ತಿಂಗಳ ಸಂಬಳ ಬಂದಿಲ್ಲ." ಮಾತು ಅಲ್ಲಿಗೆ ನಿಂತುಹೋಯ್ತು. ಹೊರಗೆ ಬಂದು ಮರದ ಕೆಳಗೆ ಸುಮ್ಮನೆ ಕೂತೆ. ದುಡ್ಡು ಬಾರದ ಇಬ್ಬರನ್ನ ಒಂದು ಟೇಬಲ್ಲಿನ ಆಚೆ ಈಚೆ ಕೂರಿಸಿ ಜಗಳಕ್ಕೆ ಬಿಡೋದು, ಇದೇ ಇವರ ಆಡಳಿತ.

ಇನ್ನು ಮನೆ ಹುಡುಕಿದ ಕಥೆ. ಹಾಸ್ಟೆಲ್ ಸೀಟು ಇರಲಿಲ್ಲ, ಬರುವ ವರ್ಷ ನೋಡೋಣ ಅಂದಿದ್ದರು. ನನ್ನ ಜೊತೆ ಸೇರಿದ ಇನ್ನೊಬ್ಬ, ಸಿಂಧನೂರು ಕಡೆಯವನು. ಇಬ್ಬರೂ ಸೇರಿ ಒಂದು ರೂಮು, ಒಂದು ಅಡುಗೆಮನೆ ಇರೋ ಜಾಗ ಹುಡುಕಿಕೊಂಡು ಶ್ರೀನಗರ, ಹನುಮಂತನಗರ ಗಲ್ಲಿ ಗಲ್ಲಿ ತಿರುಗಿದೆವು. 'ಟು ಲೆಟ್' ಬೋರ್ಡು ಕಂಡಲ್ಲೆಲ್ಲ ಗೇಟು ತಟ್ಟೋದು.

"ಏನ್ ಕೆಲಸ ಮಾಡ್ತೀರಾ?"

"ಪಿಎಚ್‌ಡಿ ಮಾಡ್ತಿದೀವಿ ಆಂಟಿ."

"ಅಂದ್ರೆ ಇನ್ನೂ ಓದ್ತಾನೇ ಇದೀರಾ? ಬ್ಯಾಚುಲರ್ಸಾ? ಬ್ಯಾಚುಲರ್ಸ್‌ಗೆ ಕೊಡಲ್ಲ."

ಇಪ್ಪತ್ತೆಂಟು ವರ್ಷದ ಗಂಡಸು ಇನ್ನೂ ಓದ್ತಿದಾನೆ ಅಂದರೆ ಅವನಲ್ಲಿ ಏನೋ ಐಬಿದೆ ಅಂತಲೇ ಅರ್ಥ. ಸ್ಯಾಲರಿ ಸ್ಲಿಪ್ ಕೇಳೋರು. ಫೆಲೋಶಿಪ್ ಅವಾರ್ಡ್ ಲೆಟರ್ ತೋರಿಸಿದರೆ ಮದುವೆ ಕಾರ್ಡು ತಿರುಗಿಸಿದ ಹಾಗೆ ತಿರುಗಿಸಿ ವಾಪಸ್ ಕೊಡೋರು. ಇತ್ತ ವಿಶ್ವವಿದ್ಯಾಲಯದಲ್ಲಿ ನಮ್ಮ ಅವತಾರ ಉಲ್ಟಾ. ಪರೀಕ್ಷೆ ಬಂದರೆ ಕೊಠಡಿ ಮೇಲ್ವಿಚಾರಣೆಗೆ ನಾವು, ನ್ಯಾಕ್ ತಂಡ ಬರುತ್ತೆ ಅಂದರೆ ರಾತ್ರಿ ಹತ್ತರವರೆಗೆ ಕಡತ ಜೋಡಿಸೋಕೆ ನಾವು, ಸೆಮಿನಾರ್ ಅಂದರೆ ಕುರ್ಚಿ ಹಾಕೋಕೆ ನಾವು. ಆಗ ನಾವು ಸಿಬ್ಬಂದಿ. ದುಡ್ಡು ಕೇಳಿದ ತಕ್ಷಣ "ನೀವು ಸ್ಟೂಡೆಂಟ್ಸ್ ರೀ, ಓದಿನ ಕಡೆ ಗಮನ ಕೊಡಿ".

ಎಂಟನೆಯದೋ ಒಂಬತ್ತನೆಯದೋ ಮನೆ. ಮೊದಲ ಮಹಡಿ, ಗಾಳಿ ಬೆಳಕು ಚೆನ್ನಾಗಿತ್ತು. ಬಾಡಿಗೆ 8,000, ಅಡ್ವಾನ್ಸ್ 80,000, ಮಾತಾಡಿ 60ಕ್ಕೆ ಇಳಿಸಿದೆವು. ಖಾಲಿ ಮಾಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೋತೀವಿ ಅಂದರು, ಅದಕ್ಕೂ ಹೂಂ ಅಂದೆವು. ಎಲ್ಲ ಮುಗಿದ ಮೇಲೆ ಯಜಮಾನರು ಕಾಫಿ ಕುಡೀತಾ ಸಹಜವಾಗಿ ಕೇಳಿದರು, "ಅಂದಹಾಗೆ, ನೀವು ಯಾವ ಜನ?" ನಾನು ಹೇಳಿದೆ. ಗೆಳೆಯ ಹೇಳಲಿಲ್ಲ. ಲೋಟ ನೋಡ್ತಾ ಕೂತ. ಯಜಮಾನರಿಗೆ ಅಷ್ಟು ಸಾಕಾಯ್ತು. ಕೆಳಗಿಳಿಯುವಾಗ ನನ್ನ ಹೆಗಲ ಮೇಲೆ ಕೈ ಇಟ್ಟು ಪಿಸುಗುಟ್ಟಿದರು, "ನೀವೊಬ್ರೇ ಆದ್ರೆ ಬನ್ನಿ."

ನಾನೊಬ್ಬನೇ ಹೋದೆ.

ಇದನ್ನ ಬರೀಬೇಕೋ ಬೇಡವೋ ಅಂತ ಬಹಳ ದಿನ ಯೋಚಿಸಿದೆ. ಬೇರೆಯವರನ್ನ ಬೈಯುವ ಬರಹದಲ್ಲಿ ನನ್ನ ಪಾಲನ್ನ ಮುಚ್ಚಿಟ್ಟರೆ ಅದು ಮೋಸ. ಎರಡು ವಾರ ಲಾಡ್ಜಿನಲ್ಲಿದ್ದು ಕೈ ಖಾಲಿಯಾಗಿತ್ತು, ಕೋರ್ಸ್‌ವರ್ಕ್ ಶುರುವಾಗಿತ್ತು, ಅವ್ವ ಅಡ ಇಟ್ಟ ದುಡ್ಡು ಬ್ಯಾಗಿನಲ್ಲಿತ್ತು. ಇವೆಲ್ಲ ಕಾರಣಗಳು, ನಿಜ. ಆದರೆ ಕಾರಣಗಳನ್ನು ಹುಡುಕುವ ಅವಕಾಶ ಇದ್ದದ್ದು ನನಗೆ, ಅವನಿಗಲ್ಲ. ಅವನು "ಇರಲಿ ಬಿಡೋ, ನನಗ ಇದು ಹೊಸದೇನಲ್ಲ" ಅಂದು ಮೂವರು ಒಂದು ರೂಮಿನಲ್ಲಿರೋ ಪಿಜಿ ಸೇರಿದ. ತಿಂಗಳಿಗೆ ಆರೂವರೆ ಸಾವಿರ. ಬೆಳಿಗ್ಗೆ ಚಿತ್ರಾನ್ನ, ರಾತ್ರಿ ನೀರು ಸಾರು, ಮಂಚದ ತುಂಬ ತಿಗಣೆ.

ಅವನಿಗೆ ಜೆಆರ್‌ಎಫ್ ಇರಲಿಲ್ಲ. ನೆಟ್ ಪಾಸಾಗಿದ್ದ, ಆದರೆ ಜೆಆರ್‌ಎಫ್ ಕಟಾಫಿಗೆ ಸ್ವಲ್ಪ ಕಮ್ಮಿ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಇಂಥವರಿಗೆ 'ನಾನ್-ನೆಟ್ ಫೆಲೋಶಿಪ್' ಅಂತ ತಿಂಗಳಿಗೆ 8,000 ಕೊಡ್ತಾರೆ. ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅದೇ ಎಂಟು ಸಾವಿರ. 2015ರ ಅಕ್ಟೋಬರ್‌ನಲ್ಲಿ ಅದನ್ನೂ ನಿಲ್ಲಿಸೋಕೆ ಯುಜಿಸಿ ಹೊರಟಿತ್ತು. ದೆಹಲಿಯಲ್ಲಿ ವಿದ್ಯಾರ್ಥಿಗಳು ಯುಜಿಸಿ ಕಚೇರಿ ಮುಂದೆ ಹಗಲು ರಾತ್ರಿ ಕೂತು, ಲಾಠಿ ಏಟು ತಿಂದು ಉಳಿಸಿಕೊಂಡರು. ನಮ್ಮದು ರಾಜ್ಯದ ವಿಶ್ವವಿದ್ಯಾಲಯ, ಅಲ್ಲಿ ಆ ಎಂಟು ಸಾವಿರವೂ ಇಲ್ಲ. ಗೆಳೆಯ ಬೆಳಿಗ್ಗೆ ಟ್ಯುಟೋರಿಯಲ್‌ನಲ್ಲಿ ಪಾಠ, ಸಂಜೆ ಮನೆಪಾಠ, ರಾತ್ರಿ ಸಂಶೋಧನೆ ಅಂತ ಒಂದೂವರೆ ವರ್ಷ ತಳ್ಳಿದ. ಭತ್ತ ನಾಟಿ ಮಾಡೋ ಹೆಂಗಸರ ಹಾಡುಗಳ ಮೇಲೆ ಅವನ ಕೆಲಸ. ಅವನ ಅವ್ವನೂ ಆ ಹಾಡು ಹೇಳೋಳೇ. ಕ್ಯಾಸೆಟ್ಟಿನ ಕಾಲದ ಧ್ವನಿಮುದ್ರಣದಿಂದ ಹಿಡಿದು ಮೊಬೈಲಿನವರೆಗೆ ಇನ್ನೂರಕ್ಕೂ ಹೆಚ್ಚು ಹಾಡು ಕೂಡಿಸಿದ್ದ. ಎರಡನೇ ವರ್ಷ ಬಿಟ್ಟುಹೋದ. ಈಗ ಊರ ಹತ್ರ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡ್ತಾನೆ. ಹಾಡುಗಳಿರೋ ಹಾರ್ಡ್ ಡಿಸ್ಕ್ ನನ್ನ ಟ್ರಂಕಿನಲ್ಲಿದೆ. "ಯಾರಾದರೂ ಮಾಡೋರಿದ್ರ ಕೊಡು" ಅಂದಿದ್ದಾನೆ. ಯಾರಿಗೆ ಕೊಡಲಿ?

ಇಲ್ಲಿಗೆ ಮುಖ್ಯ ಅತಿಥಿಗಳ ಕಥೆಗೆ ವಾಪಸ್ ಬರ್ತೀನಿ. ನಾನು ಓದ್ತಿರೋದು ಇತಿಹಾಸ, ಆದ್ದರಿಂದ ಕಥೆ ಕೇಳಿದರೆ ವರ್ಷ ಕೇಳೋದು ಅಭ್ಯಾಸ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿಎ ಮುಗಿಸಿದ್ದು 1881ರಲ್ಲಿ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಹಾಗಾಗಿ ಕಥೆ ನಿಜವೇ ಆಗಿದ್ದರೆ ಅದು ಎಣ್ಣೆ ದೀಪ ಇರಬೇಕು. ಇರಲಿ, ದೀಪದ ವಿಚಾರ ಬಿಡಿ. ಅವರು ಮನೆಪಾಠ ಹೇಳಿಕೊಂಡು ಓದಿದ್ದು ನಿಜ, ಕಷ್ಟಪಟ್ಟದ್ದು ನಿಜ. ಆದರೆ ಬಿಎ ಆದ ಮೇಲೆ ಏನಾಯ್ತು? ಮೈಸೂರು ಸರ್ಕಾರ ಸ್ಕಾಲರ್‌ಶಿಪ್ ಕೊಟ್ಟು ಪುಣೆಗೆ ಎಂಜಿನಿಯರಿಂಗ್ ಓದೋಕೆ ಕಳಿಸಿತು. ಆ ಸ್ಕಾಲರ್‌ಶಿಪ್ ಇಲ್ಲದಿದ್ದರೆ ಒಬ್ಬ ಒಳ್ಳೆ ಮನೆಪಾಠದ ಮೇಷ್ಟ್ರು ಇರ್ತಿದ್ದರು, ಕನ್ನಂಬಾಡಿ ಕಟ್ಟೆ ಕಟ್ಟಿಸಿದ ವಿಶ್ವೇಶ್ವರಯ್ಯ ಇರ್ತಿದ್ದರೋ ಇಲ್ಲವೋ. ಈ ಅರ್ಧ ಕಥೆಯನ್ನ ಯಾವ ಮುಖ್ಯ ಅತಿಥಿಯ ಬಾಯಲ್ಲೂ ನಾನು ಕೇಳಿಲ್ಲ. ಯಾಕೆ ಗೊತ್ತಾ? ಬೀದಿ ದೀಪದ ಕಥೆ ಹೇಳಿದರೆ ಜವಾಬ್ದಾರಿ ಹುಡುಗನ ಮೇಲೆ ಬೀಳುತ್ತೆ. ಸ್ಕಾಲರ್‌ಶಿಪ್ಪಿನ ಕಥೆ ಹೇಳಿದರೆ ವೇದಿಕೆ ಮೇಲೆ ಕೂತವರ ಮೇಲೆ ಬೀಳುತ್ತೆ.

ಇನ್ನೊಂದು ಕಥೆ, ಇದನ್ನಂತೂ ಅವರು ಹೇಳೋದೇ ಇಲ್ಲ. ಅಂಬೇಡ್ಕರ್ ಅವರು 1913ರಲ್ಲಿ ಕೊಲಂಬಿಯಾಕ್ಕೆ ಹೋದದ್ದು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ. ಅಲ್ಲಿಂದ ಲಂಡನ್ನಿಗೆ ಹೋಗಿ ಓದ್ತಿದ್ದಾಗ ವಿದ್ಯಾರ್ಥಿವೇತನದ ಅವಧಿ ಮುಗೀತು. 1917ರಲ್ಲಿ ಓದು ಅರ್ಧಕ್ಕೇ ಬಿಟ್ಟು ವಾಪಸ್ ಬರಬೇಕಾಯ್ತು. ಬುದ್ಧಿ ಕಮ್ಮಿ ಇತ್ತಾ? ಕಷ್ಟಪಡೋ ಗುಣ ಇರಲಿಲ್ವಾ? ದುಡ್ಡು ಮುಗೀತು, ಅಷ್ಟೇ. ಬರೋಡಾದಲ್ಲಿ ಕೆಲಸಕ್ಕೆ ಸೇರೋಕೆ ಹೋದರೆ ಆ ಊರಲ್ಲಿ ಇರೋಕೆ ಮನೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿ ಪಾರ್ಸಿ ವಸತಿಗೃಹ ಒಂದರಲ್ಲಿ ಉಳಿದುಕೊಂಡರು. ಹನ್ನೊಂದನೇ ದಿನ ಕೋಲು ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಪಾರ್ಕಿನಲ್ಲಿ ಕೂತು ಹೊತ್ತು ಕಳೆದು ರಾತ್ರಿ ರೈಲಿಗೆ ಮುಂಬೈ ಸೇರಿದರು. ಲಂಡನ್ನಿಗೆ ಮತ್ತೆ ಹೋಗಲು ಆದದ್ದು 1920ರಲ್ಲಿ, ಸ್ವಂತ ಉಳಿತಾಯ, ಗೆಳೆಯನ ಸಾಲ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಎಲ್ಲ ಕೂಡಿಸಿಕೊಂಡು.

ಈ ದೇಶದಲ್ಲಿ ಅವರಷ್ಟು ಓದಿದವರೇ ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಅವರನ್ನ ತಡೆದು ನಿಲ್ಲಿಸಿದ್ದು ಎರಡೇ: ಅವಧಿ ಮುಗಿದ ವಿದ್ಯಾರ್ಥಿವೇತನ, ಮನೆ ಕೊಡದ ಊರು. ನೂರು ವರ್ಷ ದಾಟಿದೆ. ನನ್ನ ಗೆಳೆಯನನ್ನ ನಿಲ್ಲಿಸಿದ್ದೂ ಇವೆರಡೇ. ಈಗ ಕೋಲಿಲ್ಲ. ಕಾಫಿ ಕೊಟ್ಟು, ಹೆಗಲ ಮೇಲೆ ಕೈ ಇಟ್ಟು ಹೇಳ್ತಾರೆ.

"ನೀವು ಅತಿ ಮಾಡ್ತೀರಾ, ಗಟ್ಟಿ ಇರೋರು ಹೇಗಾದರೂ ಮುಗಿಸ್ತಾರೆ" ಅನ್ನೋರಿದ್ದಾರೆ. ಸರಿ, ನಮ್ಮ ಬ್ಯಾಚನ್ನೇ ನೋಡೋಣ. ಅಪ್ಪ ಪ್ರೊಫೆಸರ್ ಆಗಿದ್ದ ಒಬ್ಬರಿಗೂ ನನ್ನಷ್ಟೇ ತಿಂಗಳು ದುಡ್ಡು ಬರಲಿಲ್ಲ. ಅವರಿಗೆ ಅದು ಕಿರಿಕಿರಿ. ಮನೆ ಜಯನಗರದಲ್ಲಿ, ಊಟ ಅಮ್ಮನ ಕೈಯದು. ನನಗೆ ಅದು ಸಾಲ. ಗೆಳೆಯನಿಗೆ ಬರೋ ದುಡ್ಡೇ ಇರಲಿಲ್ಲ, ಅವನಿಗೆ ಅದು ಕೊನೆ. ಮೂವರಲ್ಲಿ ಗಟ್ಟಿ ಯಾರು ಅಂತ ಪರೀಕ್ಷೆ ಮಾಡಿದಿರಾ ಅಥವಾ ಯಾರ ಮನೆ ಗಟ್ಟಿ ಅಂತ ಪರೀಕ್ಷೆ ಮಾಡಿದಿರಾ? ತಡವಾಗಿ ಬರೋ ಫೆಲೋಶಿಪ್ ಅನ್ನೋದು ಯಾರೂ ಪ್ರಕಟಣೆ ಹೊರಡಿಸದ ಇನ್ನೊಂದು ಪ್ರವೇಶ ಪರೀಕ್ಷೆ. ಅದರಲ್ಲಿ ಪಾಸಾಗೋಕೆ ಅಪ್ಪನ ಆಸ್ತಿಪತ್ರ ಸಾಕು. ಮೀಸಲಾತಿಯಿಂದ ಒಳಗೆ ಬಂದ ಹುಡುಗರನ್ನ ಒಂದು ಆದೇಶವನ್ನೂ ಬರೆಯದೆ ಹೊರಗೆ ಹಾಕೋಕೆ ಇದಕ್ಕಿಂತ ಸಲೀಸಾದ ದಾರಿ ಇಲ್ಲ. ಮೇಕರ್ ರಜೆ, ಚೆಕರ್ ವರ್ಗ, ಅಷ್ಟು ಸಾಕು.

ನಷ್ಟ ಆಗೋದು ನಮಗಷ್ಟೇ ಅಲ್ಲ. ನನ್ನ ಸಂಶೋಧನೆ ನಮ್ಮ ಕಡೆಯ ಕೆರೆಗಳ ಮೇಲೆ. ಬ್ರಿಟಿಷರ ಕಾಲದಲ್ಲಿ ಕೆರೆ ನೋಡಿಕೊಳ್ತಿದ್ದವರು ಯಾರು, ಹೂಳು ತೆಗೆಸುವ ಖರ್ಚು ಯಾರದು ಅನ್ನೋದು. ನಮ್ಮ ಸೀಮೆ ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು, ಹಾಗಾಗಿ ಕಾಗದಪತ್ರಗಳ ಬೆನ್ನು ಹತ್ತಿ ಮುಂಬೈಯ ಪತ್ರಾಗಾರಕ್ಕೆ ಹೋಗಬೇಕು. ಹೋಗೋಕೆ, ಅಲ್ಲಿರೋಕೆ, ಪ್ರತಿ ಮಾಡಿಸೋಕೆ ದುಡ್ಡು ಬೇಕು. ನಮ್ಮ ವಿಷಯಗಳಿಗೆ ಕಂಟಿಂಜೆನ್ಸಿ ಅಂತ ಮೊದಲೆರಡು ವರ್ಷ ವರ್ಷಕ್ಕೆ 10,000 ರೂಪಾಯಿ ಇದೆ, ಅದೂ ಅದೇ ಪೋರ್ಟಲ್ಲಿನ ಹೊಟ್ಟೆಯೊಳಗೆ. ಒಂದು ಇಡೀ ವರ್ಷ ಮುಂಬೈ ನೋಡದೆ ಕಳೆದೆ. ಬೆಂಗಳೂರಲ್ಲಿ ಪುಕ್ಕಟೆ ಸಿಗೋದನ್ನ ಓದಿದೆ. ಹಾಗಾದಾಗ ಪ್ರಬಂಧದಲ್ಲಿ ಇರಬೇಕಾದ ಅಧ್ಯಾಯ ಇರಲ್ಲ. ಆಮೇಲೆ ಅದೇ ಜನ ಪತ್ರಿಕೆಯಲ್ಲಿ ಬರೀತಾರೆ, "ನಮ್ಮ ಪಿಎಚ್‌ಡಿಗಳ ಗುಣಮಟ್ಟ ಕುಸಿದಿದೆ" ಅಂತ. ಕುಸಿಯದೆ ಏನಾಗುತ್ತೆ ಸ್ವಾಮಿ?

ಆ ಏಳು ತಿಂಗಳು ನನ್ನನ್ನ ಉಳಿಸಿದ್ದು ಯಾವುದು ಅಂತ ಕೇಳಿ. ನನ್ನ ಛಲ ಅಲ್ಲ. ಮಧ್ಯಾಹ್ನ ಇಂದಿರಾ ಕ್ಯಾಂಟೀನಿನ ಹತ್ತು ರೂಪಾಯಿ ಊಟ, ಬೆಳಿಗ್ಗೆ ಅಲ್ಲಿನದೇ ಐದು ರೂಪಾಯಿ ಇಡ್ಲಿ. ಸಾಲಿನಲ್ಲಿ ನನ್ನ ಮುಂದೆ ಆಟೋದವರು, ಹಿಂದೆ ಸೆಕ್ಯುರಿಟಿ ಗಾರ್ಡು. ಒಮ್ಮೆ ನಮ್ಮ ವಿಭಾಗದ ಒಬ್ಬರು ನೋಡಿ "ಏನ್ರೀ ನೀವು ಇಲ್ಲಿ?" ಅಂದರು. ನಾಚಿಕೆ ಆಗಬೇಕಾದದ್ದು ನನಗಲ್ಲ ಅಂತ ಅವತ್ತು ಗಟ್ಟಿ ಮಾಡ್ಕೊಂಡೆ. ಕಬ್ಬನ್ ಪಾರ್ಕಿನ ಆ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯದಲ್ಲಿ ದಿನಗಟ್ಟಲೆ ಕೂತೆ, ಯಾರೂ ಯಾವ ಜನ ಅಂತ ಕೇಳಲಿಲ್ಲ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ಗ್ರಂಥಾಲಯದಲ್ಲಿ ಹಳೇ ಪುಸ್ತಕಗಳ ಟಿಪ್ಪಣಿ ಬರಕೊಂಡೆ. ಇವೇ ಸ್ವಾಮಿ ಇವತ್ತಿನ ಬೀದಿ ದೀಪಗಳು. ತಾನಾಗಿ ಉರಿಯುವ ಬೀದಿ ದೀಪ ಎಲ್ಲೂ ಇಲ್ಲ. ಊರಿನ ದುಡ್ಡಿನಿಂದ ಯಾರೋ ಎಣ್ಣೆ ಹಾಕಿರ್ತಾರೆ, ಯಾರೋ ಸಂಜೆ ಬಂದು ಬತ್ತಿ ಹಚ್ಚಿರ್ತಾರೆ.

ಹಾಗಾದರೆ ಏನ್ ಮಾಡಬೇಕು ಅಂತೀರಾ? ದೊಡ್ಡದೇನಿಲ್ಲ. ಸಿಬ್ಬಂದಿಗೆ ಸಂಬಳ ಆಗುವ ದಿನವೇ ಫೆಲೋಶಿಪ್ ಆಗಲಿ. ಕಡತ ತಡ ಆದರೆ ವಿಶ್ವವಿದ್ಯಾಲಯ ತನ್ನ ನಿಧಿಯಿಂದ ಕೊಟ್ಟು ಆಮೇಲೆ ಹಿಡ್ಕೊಳ್ಳಲಿ. ನನಗೆ ಹಾಕಿದ ದಂಡದ ದರದಲ್ಲೇ ಕಚೇರಿಗೂ ದಂಡ ಇರಲಿ. ಜೆಆರ್‌ಎಫ್ ಇಲ್ಲದವರಿಗೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲೂ ಬದುಕೋಕೆ ಆಗುವಷ್ಟು ಫೆಲೋಶಿಪ್ ಇರಲಿ. ಹೊರ ಊರಿಂದ ಬಂದವರಿಗೆ ಮೊದಲ ವರ್ಷ ಹಾಸ್ಟೆಲ್ ಸೀಟು ಖಾತ್ರಿ ಇರಲಿ, ಆಗ ಯಾರ ಮನೆಯ ಕಾಫಿಗೂ ಕೂರಬೇಕಾಗಿಲ್ಲ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳೋ ಹಾಗಿಲ್ಲ. ಮಾದರಿ ಅಂದರೆ ಮಾದರಿಯೇ, ರಾಜ್ಯಗಳು ಕಾನೂನು ಮಾಡದಿದ್ದರೆ ಕಾಗದ. ಬೆಂಗಳೂರಿನಂಥ ಊರಿಗೆ ಅದು ಬೇಕು.

ಜಾತಿ ಕೇಳುವ ಯಜಮಾನರಿಗೆ ಯಾವ ಕಾಯ್ದೆ ನಾಟುತ್ತೋ ಕಾಣೆ. ಆದರೆ ಜೊತೆಗಿದ್ದವನು ಮೆಟ್ಟಿಲು ಇಳಿದು ಒಟ್ಟಿಗೇ ಹೊರಗೆ ಬರಬಹುದಿತ್ತು. ಆ ಕಾಯ್ದೆ ನನ್ನ ಕೈಯಲ್ಲೇ ಇತ್ತು, ನಾನು ಜಾರಿ ಮಾಡಲಿಲ್ಲ.

ಎಂಟನೇ ತಿಂಗಳು ದುಡ್ಡು ಬಂತು, ಒಟ್ಟಿಗೇ. ಅವ್ವನಿಗೆ ಫೋನ್ ಮಾಡಿದೆ. "ರೊಕ್ಕ ಬಂತೇನೋ ತಮ್ಮಾ?" ಅಂತ ಅವಳೇ ಮೊದಲು ಕೇಳಿದಳು, ಪ್ರತಿ ಸಲ ಕೇಳುವ ಹಾಗೆ. ಬಂತವ್ವ ಅಂದೆ. "ಹಂಗಾರ ಆ ಸಿಂಧನೂರು ಹುಡುಗಂದು?" ಅಂದಳು. ಉತ್ತರ ಇರಲಿಲ್ಲ.

ಮುಂದಿನ ವರ್ಷವೂ ಪ್ರತಿಭಾ ಪುರಸ್ಕಾರ ಇರುತ್ತೆ. ಇದೇ ಕಥೆ ಇರುತ್ತೆ. ವೇದಿಕೆ ಕೆಳಗೆ ಕೂತ ಮಕ್ಕಳೇ, ಚಪ್ಪಾಳೆ ತಟ್ಟೋಕೆ ಮೊದಲು ಎದ್ದು ನಿಂತು ಒಂದೇ ಒಂದು ಪ್ರಶ್ನೆ ಕೇಳಿ: "ಸಾರ್, ಆ ದೀಪಕ್ಕೆ ಎಣ್ಣೆ ಹಾಕಿದವರು ಯಾರು? ಈಗ ಯಾಕೆ ಹಾಕ್ತಿಲ್ಲ?"